ನೋಯದ ಬೇನೆ, ನೋಯುವ ಬೇನೆ

(ಹನುಮಸಾಗರದಲ್ಲಿ ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಶ್ರಾವಣದ ಗೋಷ್ಠಿಯಲ್ಲಿ ಗುಳಿಗೆ, ಸೂಜಿಗಳ ಮಾತು ಯಾಕೆ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಅನುಭವ ಮಂಟಪಕ್ಕೆ ಬಂದ ಅಂಬಿಗ, ಮಡಿವಾಳ, ಮಾದಾರ, ನೇಕಾರ ಯಾರೂ ತಮ್ಮ ಕಾಯಕವನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರಲಿಲ್ಲ. ಕಾಯಕದ ಮಾತಿನಲ್ಲೇ ಅನುಭಾವ ಹೇಳಿದರು. ಆ ಶರಣರಲ್ಲಿ ವೈದ್ಯ ಸಂಗಣ್ಣ ಎಂಬವರೂ ಇದ್ದರು. ವೈದ್ಯವೇ ಅವರ ಕಾಯಕ. ರೋಗ, ಔಷಧಿ, ಪಥ್ಯ ಇವೆಲ್ಲ ಅವರ ವಚನಗಳಲ್ಲಿ ಬರುತ್ತವೆ. ಹಾಗಾಗಿ ನಾನೂ ಇವತ್ತು ನನ್ನ ಕಾಯಕದ ಮಾತನ್ನೇ ಆಡುತ್ತೇನೆ. ವಿಷಯ ಎರಡು: ಶುಗರ್ ಗುಳಿಗೆ ಮತ್ತು ನೋವಿನ ಗುಳಿಗೆ. ಇವೆರಡೂ ಮೈಯೊಳಗೆ ಏನು ಮಾಡುತ್ತವೆ, ಎರಡನ್ನೂ ಒಟ್ಟಿಗೆ ನುಂಗುವವರಿಗೆ ಏನಾಗುತ್ತದೆ ಎಂಬುದು.

ನಮ್ಮ ಕಡೆಯ ಒಂದು ಮಾತಿನಿಂದಲೇ ಶುರುಮಾಡೋಣ. ನಾವು ನೋವಿಗೂ ಬ್ಯಾನಿ ಅನ್ನುತ್ತೇವೆ, ರೋಗಕ್ಕೂ ಬ್ಯಾನಿ ಅನ್ನುತ್ತೇವೆ. ಹೊಟ್ಟಿಬ್ಯಾನಿ ಅಂದರೆ ಹೊಟ್ಟೆನೋವು, ದೊಡ್ಡ ಬ್ಯಾನಿ ಅಂದರೆ ದೊಡ್ಡ ರೋಗ. ಬೇನೆ ಎಂಬ ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ಹಿಂದಿನ ಕಾಲಕ್ಕೆ ಇದು ಸರಿಯಾಗಿಯೇ ಇತ್ತು. ರೋಗ ಬಂದರೆ ಮೈ ನೋಯುತ್ತಿತ್ತು, ಇಲ್ಲವೇ ಸುಡುತ್ತಿತ್ತು. ನೋವು ಹೋದರೆ ರೋಗವೂ ಹೋದ ಹಾಗೆ. ಆದರೆ ಈಗ ನಮ್ಮ ಮನೆಗಳಿಗೆ ಬಂದಿರುವ ಸಕ್ಕರೆ ಕಾಯಿಲೆ ನೋಯದ ಬೇನೆ. ಹತ್ತು ವರ್ಷ ಒಳಗೇ ಕುಳಿತು ಕಣ್ಣು, ಕಿಡ್ನಿ, ಕಾಲಿನ ನರ ತಿನ್ನುತ್ತದೆ. ಒಂದು ದಿನವೂ ನೋಯಿಸುವುದಿಲ್ಲ. ಮೊಣಕಾಲು, ಟೊಂಕ ದಿನವೂ ನೋಯುತ್ತವೆ, ಆದರೆ ಅವು ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ.

ಗುಳಿಗೆಗಳದ್ದೂ ಇದೇ ಕಥೆ. ನೋವಿನ ಗುಳಿಗೆ ನುಂಗಿದ ಅರ್ಧ ತಾಸಿನಲ್ಲಿ ಹಾಯೆನಿಸುತ್ತದೆ. ಶುಗರ್ ಗುಳಿಗೆ ನುಂಗಿದರೆ ಏನೂ ಅನ್ನಿಸುವುದಿಲ್ಲ. ಆದ್ದರಿಂದ ಮೊದಲನೆಯದನ್ನು ನಾವು ಕೇಳದೆಯೇ ಹೆಚ್ಚು ನುಂಗುತ್ತೇವೆ, ಎರಡನೆಯದನ್ನು ಕೇಳದೆಯೇ ಬಿಟ್ಟುಬಿಡುತ್ತೇವೆ. ಕೆಡುಕು ಮಾಡಬಲ್ಲದ್ದು ಹಿತವಾಗಿ ಕಾಣುತ್ತದೆ, ಕಾಪಾಡುವುದು ನಿಷ್ಪ್ರಯೋಜಕವಾಗಿ ಕಾಣುತ್ತದೆ. ನನ್ನ ಇಡೀ ಮಾತಿನ ತಿರುಳು ಇಷ್ಟೆ. ಉಳಿದದ್ದು ಇದರ ವಿವರ.

ಐಸಿಎಂಆರ್ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ. ಇದು ಪೇಟೆಯ ಶ್ರೀಮಂತರ ಕಾಯಿಲೆ ಎಂಬ ಕಾಲ ಹೋಯಿತು. ಮಗ್ಗದ ಮೇಲೆ ಕೂತವರಿಗೂ ಇದೆ, ಹೊಲದಲ್ಲಿ ಕಳೆ ತೆಗೆಯುವವರಿಗೂ ಇದೆ. "ನಾವು ಜೋಳದ ರೊಟ್ಟಿ ಉಣ್ಣೋರು, ನಮಗ ಶುಗರ್ ಹ್ಯಾಂಗ ಬರತೈತ್ರಿ?" ಎಂದು ಕೇಳುತ್ತಾರೆ. ಜೋಳ ಅಕ್ಕಿಗಿಂತ ಮೇಲು, ನಿಜ. ಆದರೆ ಜೋಳವೂ ಕೊನೆಗೆ ಸಕ್ಕರೆಯೇ ಆಗುತ್ತದೆ. ನಾಲ್ಕು ರೊಟ್ಟಿಯ ಮೇಲೆ ಒಂದು ತಾಟು ಅನ್ನ ಉಂಡರೆ ಲೆಕ್ಕ ಅದೇ.

ಮೈಯಲ್ಲಿ ಸಕ್ಕರೆ ಹೇಗೆ ಓಡಾಡುತ್ತದೆ ಎಂಬುದನ್ನು ಮಠದ ದಾಸೋಹದ ಮನೆಯಿಂದಲೇ ತಿಳಿಯೋಣ. ಲಿವರ್ ನಮ್ಮ ಉಗ್ರಾಣ. ರಕ್ತ ಅಂದರೆ ಅಡುಗೆಮನೆಯಿಂದ ಪಂಕ್ತಿಗೆ ಹೋಗುವ ಹಾದಿ. ಪಂಕ್ತಿಯಲ್ಲಿ ಕೂತವರು ಮೈಯ ಮಾಂಸಖಂಡಗಳು. ಬಡಿಸುವವರು ಇನ್ಸುಲಿನ್. ಎಲ್ಲ ಸರಿ ಇದ್ದರೆ ಪದಾರ್ಥ ಹಾದಿಯಲ್ಲಿ ನಿಲ್ಲುವುದಿಲ್ಲ, ಎಲೆ ಸೇರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಮೂರು ಕೆಡುಕು ಒಟ್ಟಿಗೆ ಆಗುತ್ತವೆ. ಕೂತವರು ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಅನ್ನುತ್ತಾರೆ. ಬಡಿಸುವವರು ದುಡಿದು ದುಡಿದು ದಣಿಯುತ್ತಾರೆ, ಅವರ ಸಂಖ್ಯೆಯೂ ಕಡಿಮೆಯಾಗುತ್ತದೆ. ಇದಾವುದೂ ಗೊತ್ತಿಲ್ಲದ ಉಗ್ರಾಣದವನು ರಾತ್ರಿ ಎಲ್ಲರೂ ಮಲಗಿದ ಮೇಲೂ ಚೀಲ ಹೊರಗೆ ಹಾಕುತ್ತಲೇ ಇರುತ್ತಾನೆ. ಬೆಳಗ್ಗೆ ಏನೂ ತಿನ್ನದೆ ರಕ್ತ ಕೊಟ್ಟರೂ ಸಕ್ಕರೆ ಹೆಚ್ಚು ಬರುವುದು ಇದಕ್ಕೇ. ಹಾದಿಯಲ್ಲಿ ನಿಂತ ಪದಾರ್ಥ ಗೋಡೆಗಳನ್ನು ಕೆಡಿಸುತ್ತದೆ. ಆ ಗೋಡೆಗಳೆಂದರೆ ಕಣ್ಣಿನ, ಕಿಡ್ನಿಯ, ನರಗಳ ಸಣ್ಣ ರಕ್ತನಾಳಗಳು.

ಈಗ ಗುಳಿಗೆಗಳಿಗೆ ಬರೋಣ. ಹೆಚ್ಚಿನವರಿಗೆ ಮೊದಲು ಬರೆಯುವ ಮೆಟ್‌ಫಾರ್ಮಿನ್ ಮುಖ್ಯವಾಗಿ ಉಗ್ರಾಣದವನಿಗೆ ಬುದ್ಧಿ ಹೇಳುತ್ತದೆ. ಲಿವರ್ ಸುಮ್ಮಸುಮ್ಮನೆ ಸಕ್ಕರೆ ಹೊರಬಿಡುವುದನ್ನು ತಗ್ಗಿಸುತ್ತದೆ. ಇದೊಂದನ್ನೇ ನುಂಗುವವರಲ್ಲಿ ಸಕ್ಕರೆ ತೀರಾ ಕೆಳಗೆ ಬೀಳುವುದು ಅಪರೂಪ. ಶುರುವಿನಲ್ಲಿ ಹೊಟ್ಟೆ ತೊಳಸಬಹುದು, ಭೇದಿಯಾಗಬಹುದು. ಊಟದ ಜೊತೆ ಸಣ್ಣ ಪ್ರಮಾಣದಿಂದ ಆರಂಭಿಸಿದರೆ ಬಹುತೇಕರಿಗೆ ಒಗ್ಗುತ್ತದೆ. ಗ್ಲಿಮೆಪಿರೈಡ್ ಜಾತಿಯ ಗುಳಿಗೆ ಬಡಿಸುವವರನ್ನು ಹಿಂದಿನಿಂದ ತಳ್ಳುತ್ತದೆ. ಅಗ್ಗ, ಬೇಗ ಕೆಲಸ ಮಾಡುತ್ತದೆ. ಆದರೆ ಪಂಕ್ತಿ ಕೂತಿದೆಯೋ ಇಲ್ಲವೋ ನೋಡದೆ ತಳ್ಳುತ್ತದೆ. ಗ್ಲಿಪ್ಟಿನ್ ಎಂದು ಹೆಸರು ಮುಗಿಯುವ ಗುಳಿಗೆಗಳು ಹಾಗಲ್ಲ, ಊಟ ಬಂದಾಗ ಮಾತ್ರ ಬಡಿಸುವವರನ್ನು ಕರೆಯುತ್ತವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹಿತ್ತಲ ಬಾಗಿಲು ತೆರೆದು ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಕಿಡ್ನಿಗೂ ಹೃದಯಕ್ಕೂ ಇವು ರಕ್ಷಣೆ ಕೊಡುತ್ತವೆ ಎಂಬುದು ದೊಡ್ಡ ಅಧ್ಯಯನಗಳಲ್ಲಿ ಸಿದ್ಧವಾಗಿದೆ. ಮೂತ್ರದ ಜಾಗದಲ್ಲಿ ತುರಿಕೆ ಬರಬಹುದು. ನಾಚಿಕೆಪಡದೆ ವೈದ್ಯರಿಗೆ ಹೇಳಬೇಕು, ಅದಕ್ಕೆ ಸುಲಭದ ಔಷಧಿ ಇದೆ.

ಇನ್ಸುಲಿನ್ ಅಂದರೆ ಹೊರಗಿನಿಂದ ಬಡಿಸುವವರನ್ನು ಕರೆಸುವುದು. "ಸೂಜಿ ಅಂದ್ರ ಕೊನಿ ಹಂತ" ಎಂಬ ಭಯ ನಮ್ಮಲ್ಲಿ ಬೇರೂರಿದೆ. ನಮ್ಮವರು ದಣಿದಿದ್ದಾರೆ, ನೆರೆಯವರು ಬಂದು ಕೈಗೂಡಿಸುತ್ತಾರೆ, ಅಷ್ಟೇ ಅದರ ಅರ್ಥ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಚುಚ್ಚಿದರು. ಅದಕ್ಕೂ ಮೊದಲು ಅಂಥ ಮಕ್ಕಳು ಕಣ್ಣೆದುರೇ ಒಣಗಿ ಸಾಯುತ್ತಿದ್ದರು. ಕಂಡುಹಿಡಿದವರು ಕೋಟಿ ಗಳಿಸಬಹುದಿತ್ತು. ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಆ ಜನ ಬಸವಣ್ಣನವರ ಹೆಸರು ಕೇಳಿದವರಲ್ಲ. ಆದರೂ ಅದನ್ನು ದಾಸೋಹ ಎನ್ನದೆ ಬೇರೆ ಏನೆನ್ನಬೇಕು?

"ಡಾಕ್ಟ್ರ, ಮೈಯಾಗ ಏನೂ ತ್ರಾಸಿಲ್ಲ, ಗುಳಿಗಿ ಯಾಕ ನುಂಗಬೇಕು?" ಇದು ನಾನು ದಿನಾ ಕೇಳುವ ಮಾತು. ಉತ್ತರ ಒಬ್ಬರ ಮೈಯಲ್ಲಿ ಸಿಗುವುದಿಲ್ಲ, ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡಿದರೆ ಸಿಗುತ್ತದೆ. ಬ್ರಿಟನ್ನಿನಲ್ಲಿ 1977ರಲ್ಲಿ ಅಂಥದೊಂದು ಅಧ್ಯಯನ ಶುರುಮಾಡಿದರು. 5,000ಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರನ್ನು ಸೇರಿಸಿಕೊಂಡರು. ಫಲಿತಾಂಶ ಬಂದದ್ದು 1998ರಲ್ಲಿ. ಗುಳಿಗೆ, ಇನ್ಸುಲಿನ್‌ಗಳಿಂದ ಸಕ್ಕರೆಯನ್ನು ಬಿಗಿಯಾಗಿ ಹಿಡಿದ ಗುಂಪಿನಲ್ಲಿ ಸಣ್ಣ ರಕ್ತನಾಳಗಳ ತೊಂದರೆ ನಾಲ್ಕರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಕಣ್ಣು ಉಳಿದವನಿಗೆ ತನ್ನ ಕಣ್ಣು ಉಳಿದದ್ದು ಗುಳಿಗೆಯಿಂದ ಎಂದು ಯಾವತ್ತೂ ಗೊತ್ತಾಗುವುದಿಲ್ಲ. ಬಾರದೆ ಹೋದ ಕುರುಡುತನವನ್ನು ಯಾರು ಕಂಡಿದ್ದಾರೆ? ಮೈ ಹೇಳದಿದ್ದನ್ನು ಇಲ್ಲಿ ಅರಿವೇ ಹೇಳಬೇಕು. ಆ ಅರಿವಿಗೆ ಒಂದು ಸಲಕರಣೆ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನ ತನಗೆ ಅಂಟಿದ ಸಕ್ಕರೆಯನ್ನು ಹೊತ್ತಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಡಾಕ್ಟರರನ್ನು ಮೆಚ್ಚಿಸಲು ಇದರಲ್ಲಿ ಬರುವುದಿಲ್ಲ. ಮೂರು ತಿಂಗಳ ನಡತೆಯನ್ನು ಅದು ಹೇಳಿಬಿಡುತ್ತದೆ. ಬಹುತೇಕರಿಗೆ 7ರ ಆಸುಪಾಸಿನಲ್ಲಿರಬೇಕು, ವಯಸ್ಸಾದವರಿಗೆ ಸ್ವಲ್ಪ ಸಡಿಲ.

ಸಸ್ಯಾಹಾರಿಗಳಾದ ನಮಗೆ ಇನ್ನೊಂದು ವಿಶೇಷ ಮಾತಿದೆ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧಿ, ಆದರೆ ವರ್ಷಗಟ್ಟಲೆ ನುಂಗಿದರೆ ಕರುಳು ಬಿ12 ಎಂಬ ಜೀವಸತ್ವವನ್ನು ಹೀರುವುದು ಕಡಿಮೆಯಾಗುತ್ತದೆ. ಬಿ12 ಕಾಳು, ಸೊಪ್ಪು, ಧಾನ್ಯಗಳಲ್ಲಿ ಇಲ್ಲ. ನಮಗೆ ಅದು ಸಿಗುವುದು ಹಾಲು, ಮೊಸರು, ಮಜ್ಜಿಗೆಯಿಂದ ಮಾತ್ರ. ಮೊದಲೇ ತೆಳ್ಳಗಿರುವ ಗಂಟು ಇನ್ನೂ ಕರಗುತ್ತದೆ. ಆಗ ಪಾದ ಜೋಮು ಹಿಡಿಯುತ್ತದೆ, ಉರಿಯುತ್ತದೆ, ನಡೆಯುವಾಗ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಆಗುತ್ತದೆ. ಸಕ್ಕರೆಯಿಂದ ನರ ಕೆಟ್ಟಾಗಲೂ ಹೀಗೇ ಆಗುತ್ತದೆ. ಎರಡೂ ಒಂದೇ ಎಂದು ಬಿಟ್ಟರೆ, ಸುಲಭವಾಗಿ ಗುಣವಾಗಬಹುದಾದದ್ದು ಗುಣವಾಗದೆ ಉಳಿಯುತ್ತದೆ. ನಾಲ್ಕೈದು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿರುವವರು ವೈದ್ಯರ ಹತ್ತಿರ ಬಿ12 ಬಗ್ಗೆ ಕೇಳಿರಿ. ಅದರ ಗುಳಿಗೆ ಇದೆ, ಸೂಜಿ ಇದೆ. ಇದಕ್ಕಾಗಿ ಮೆಟ್‌ಫಾರ್ಮಿನ್ ಬಿಡಬೇಕಿಲ್ಲ, ಆಹಾರದ ಆಚಾರವನ್ನೂ ಬಿಡಬೇಕಿಲ್ಲ.

ಇನ್ನು ನೋಯುವ ಬೇನೆ. ನಮ್ಮ ಭಾಗದಲ್ಲಿ ನೋವಿಗೆ ಬರ ಇಲ್ಲ. ಇಳಕಲ್ಲ ಸೀರೆ ನೇಯುವವರ ಟೊಂಕ, ಕಲ್ಲಿನ ಕೆಲಸದವರ ಬೆನ್ನು, ಬಗ್ಗಿ ಕಳೆ ತೆಗೆಯುವ ತಾಯಂದಿರ ಮೊಣಕಾಲು. ಇವುಗಳ ಜೊತೆ ನೀರಿನದೊಂದು ಕಾಟ. ಕುಷ್ಟಗಿ, ಯಲಬುರ್ಗಾ ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತವೆ; ಪ್ರಮಾಣ ಇನ್ನೂ ಹೆಚ್ಚಿದ್ದಲ್ಲಿ ಎಲುಬು ಬಿರುಸಾಗಿ ಬೆನ್ನು ಬಾಗದು, ಕುತ್ತಿಗೆ ತಿರುಗದು. ಇಂಥ ನೋವಿಗೆ ಎಷ್ಟು ಗುಳಿಗೆ ನುಂಗಿದರೂ ಬುಡ ಹಾಗೇ ಇರುತ್ತದೆ. ಅದಕ್ಕೆ ಔಷಧಿ ಶುದ್ಧ ನೀರು. ಊರಿನ ನೀರು ಪರೀಕ್ಷೆಯಾಗಿದೆಯೇ, ಶುದ್ಧ ನೀರಿನ ಘಟಕ ನಿಜಕ್ಕೂ ನಡೆಯುತ್ತಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳುವುದೂ ವೈದ್ಯದ ಒಂದು ಭಾಗವೇ.

ಮೆಡಿಕಲ್ ಅಂಗಡಿಯಲ್ಲಿ ನೋವಿಗೆ ಕೊಡಿ ಎಂದರೆ ಸಾಮಾನ್ಯವಾಗಿ ಸಿಗುವುದು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಇಂಥವು. ಇವು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು 1971ರಲ್ಲಿ ಜಾನ್ ವೇನ್ ಎಂಬ ವಿಜ್ಞಾನಿ ತೋರಿಸಿದರು, ಮುಂದೆ ನೊಬೆಲ್ ಪ್ರಶಸ್ತಿಯೂ ಬಂತು. ಗಾಯವಾದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಹುಟ್ಟಿ ಬಾವು, ನೋವು ತರುತ್ತದೆ. ಈ ಗುಳಿಗೆ ಅದರ ಹುಟ್ಟನ್ನೇ ತಡೆಯುತ್ತದೆ. ತೊಂದರೆ ಏನೆಂದರೆ ಅದೇ ವಸ್ತು ಜಠರದ ಒಳಪದರವನ್ನೂ ಕಾಯುತ್ತದೆ, ಕಿಡ್ನಿಗೆ ರಕ್ತ ಹರಿಯುವ ದಾರಿಯನ್ನೂ ತೆರೆದಿಡುತ್ತದೆ. ಗುಳಿಗೆಗೆ ಮೊಣಕಾಲು ಯಾವುದು, ಕಿಡ್ನಿ ಯಾವುದು ಎಂದು ಗೊತ್ತಾಗುವುದಿಲ್ಲ. ಎಲ್ಲ ಕಡೆಯೂ ತಡೆಯುತ್ತದೆ.

ರೈತರಿಗೆ ಇದನ್ನು ರಣಹದ್ದಿನ ಕಥೆಯಿಂದ ಹೇಳುತ್ತೇನೆ. ದನ ಕುಂಟಿದರೆ ಡೈಕ್ಲೋಫೆನಾಕ್ ಸೂಜಿ ಹಾಕಿಸುವ ಕಾಲ ಒಂದಿತ್ತು. ಆ ದನ ಸತ್ತರೆ ರಣಹದ್ದು ತಿನ್ನುತ್ತಿತ್ತು. ಮಾಂಸದಲ್ಲಿ ಉಳಿದ ಔಷಧಿಗೆ ಹದ್ದುಗಳ ಕಿಡ್ನಿ ನಿಂತು, ದೇಶದ ಮುಖ್ಯ ಜಾತಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಹದ್ದುಗಳು ಅಳಿದವು. 2004ರಲ್ಲಿ ಕಾರಣ ಪತ್ತೆಯಾಯಿತು, 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಮನುಷ್ಯನ ಕಿಡ್ನಿ ಹದ್ದಿನ ಕಿಡ್ನಿಯಲ್ಲ. ಆರೋಗ್ಯವಂತ ತರುಣ ಮೂರು ದಿನ ನುಂಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಹತ್ತು ವರ್ಷದ ಸಕ್ಕರೆ, ಮೇಲೆ ಬಿ.ಪಿ. ಇದ್ದವರ ಕಿಡ್ನಿ ಮೊದಲೇ ಸೊರಗಿರುತ್ತದೆ. ಅವರು ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ ನುಂಗುತ್ತಿದ್ದು, ಅದರ ಮೇಲೆ ನೋವಿನ ಗುಳಿಗೆಯನ್ನೂ ಸೇರಿಸಿ, ಬೇಸಿಗೆಯ ಬಿಸಿಲಲ್ಲಿ ನೀರು ಕುಡಿಯದೆ ದುಡಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕುಸಿಯಬಹುದು. "ಶುಗರ್ ಗುಳಿಗಿಯಿಂದ ಕಿಡ್ನಿ ಹೋತು" ಎಂದು ಊರೆಲ್ಲ ಹೇಳುತ್ತದೆ. ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುವುದಿಲ್ಲ. ಕಿಡ್ನಿ ಬಹಳ ಕೆಟ್ಟ ಮೇಲೆ ವೈದ್ಯರು ಅದನ್ನು ನಿಲ್ಲಿಸುತ್ತಾರೆ. ಜನ ನಿಲ್ಲಿಸಿದ್ದನ್ನು ನೋಡಿ ಅದೇ ಕಾರಣ ಅಂದುಕೊಳ್ಳುತ್ತಾರೆ. ಕೆಡಿಸಿದ್ದು ಹತೋಟಿಯಿಲ್ಲದ ಸಕ್ಕರೆ ಮತ್ತು ಬಿ.ಪಿ.; ಕೈಜೋಡಿಸಿದ್ದು ನೋವಿನ ಗುಳಿಗೆ.

ಇದಕ್ಕಿಂತ ಅಪಾಯದ್ದು ಹೆಸರಿಲ್ಲದ ಪೊಟ್ಟಣ. ಕಾಗದದಲ್ಲಿ ಮೂರು ನಾಲ್ಕು ಬಣ್ಣದ ಬಿಡಿ ಗುಳಿಗೆ ಸುತ್ತಿ ಕೊಡುತ್ತಾರೆ. ಅದರಲ್ಲಿ ಹಲವು ಸಲ ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಸಾಕಷ್ಟು ರೋಗಗಳಲ್ಲಿ ಜೀವ ಉಳಿಸುವ ಔಷಧಿ. ಆದರೆ ಮೊಣಕಾಲು ನೋವಿಗೆ ತಿಂಗಳುಗಟ್ಟಲೆ ನುಂಗುವಂಥದ್ದಲ್ಲ.

ಮಗ್ಗದ ಕೆಲಸದ ಒಬ್ಬ ತಾಯಿ ನನ್ನಲ್ಲಿಗೆ ಬಂದಿದ್ದರು. ಎರಡು ವರ್ಷ ಇಂಥ ಪೊಟ್ಟಣ ನುಂಗಿದ್ದರು. ಮುಖ ದುಂಡಗಾಗಿತ್ತು, ಹಸಿವು ಹೆಚ್ಚಿತ್ತು. ಮೈ ತುಂಬಿಕೊಂಡಿದೆ ಎಂದು ನೆರೆಹೊರೆಯವರು ಹೊಗಳುತ್ತಿದ್ದರಂತೆ. ಸಕ್ಕರೆ 430 ಇತ್ತು. ಶುಗರ್ ಗುಳಿಗೆಯನ್ನು ವಾರಕ್ಕೆ ಎರಡು ದಿನ ಮಾತ್ರ ನುಂಗುತ್ತಿದ್ದರು. ಕೇಳಿದ್ದಕ್ಕೆ ಹೇಳಿದರು: "ಯಪ್ಪಾ, ಆ ಪೊಟ್ಟಣದ ಗುಳಿಗಿ ನುಂಗಿದ ದಿನಾನ ನಾ ಮಗ್ಗದಾಗ ಕುಂದ್ರತೀನಿ. ಈ ಶುಗರ್ ಗುಳಿಗಿ ನುಂಗಿದ್ರ ನನಗ ಏನೂ ಅನಸಂಗಿಲ್ಲ. ಛಲೋ ಗುಳಿಗಿ ಯಾವುದು, ನೀವ ಹೇಳ್ರಿ."

ಆ ಪ್ರಶ್ನೆಯನ್ನು ಅಜ್ಞಾನ ಎಂದು ತಳ್ಳಿಹಾಕಬೇಡಿ. ನಾವು ವೇದಿಕೆಯ ಮೇಲೆ ನಿಂತು ಕಾಯಕ ದೊಡ್ಡದು ಎನ್ನುತ್ತೇವೆ. ಆ ತಾಯಿ ಕಾಯಕ ನಿಲ್ಲಬಾರದೆಂದೇ ಆ ಗುಳಿಗೆ ನುಂಗುತ್ತಿದ್ದರು. ಆದ್ದರಿಂದ ನೋವಿನ ಗುಳಿಗೆ ಬಿಡಿ ಎಂದಷ್ಟೇ ಹೇಳಿ ಕಳಿಸುವುದು ವೈದ್ಯವಲ್ಲ. ಕಾಯಕ ನಡೆಯುವ ಹಾಗೆ ನೋವಿಗೆ ಬೇರೆ ದಾರಿ ತೋರಿಸಬೇಕು. ಅವರ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಇದನ್ನು ಎಲ್ಲರೂ ನೆನಪಿಡಿ: ಬಹುದಿನ ಸ್ಟೀರಾಯ್ಡ್ ನುಂಗಿದರೆ ಮೈ ತನ್ನ ಸ್ವಂತ ಸ್ಟೀರಾಯ್ಡ್ ಮಾಡುವುದನ್ನೇ ಮರೆಯುತ್ತದೆ. ಥಟ್ಟನೆ ಬಿಟ್ಟರೆ ವಾಂತಿ, ಸುಸ್ತು, ಬಿ.ಪಿ. ಕುಸಿತ, ಪ್ರಾಣಕ್ಕೂ ಅಪಾಯ. ಇವತ್ತು ನನ್ನ ಮಾತು ಕೇಳಿ ನಾಳೆ ಬೆಳಗ್ಗೆ ಯಾರೂ ಪೊಟ್ಟಣ ತಿಪ್ಪೆಗೆ ಎಸೆಯಬೇಡಿ. ಅದನ್ನು ಹಿಡಿದುಕೊಂಡೇ ವೈದ್ಯರ ಹತ್ತಿರ ಹೋಗಿ. ಆ ತಾಯಿಗೆ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಿದೆವು, ಅಷ್ಟು ದಿನ ಇನ್ಸುಲಿನ್ ಕೊಟ್ಟೆವು. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಕಲಿಸಿದೆವು. ಕೂತಲ್ಲೇ ತಾಸಿಗೊಮ್ಮೆ ಎದ್ದು ನಡೆಯಲು ಹೇಳಿದೆವು. ನೋವು ಹೆಚ್ಚಾದ ದಿನಕ್ಕೆ ಪ್ಯಾರಾಸಿಟಮಾಲ್, ಮೊಣಕಾಲಿಗೆ ಹಚ್ಚುವ ಮುಲಾಮು. ಕೆಲವು ತಿಂಗಳಲ್ಲಿ ಇನ್ಸುಲಿನ್ ನಿಂತಿತು, ಗುಳಿಗೆಯಲ್ಲೇ ಸಕ್ಕರೆ ಹತೋಟಿಗೆ ಬಂತು. ಮೊಣಕಾಲು ಪೂರ್ತಿ ಗುಣವಾಗಿಲ್ಲ. ಮೊದಲಿಗಿಂತ ಕಡಿಮೆ ಹೊತ್ತು ನೇಯುತ್ತಾರೆ, ಆದರೆ ನೇಯುತ್ತಾರೆ.

ನೋವುಗಳೆಲ್ಲ ಒಂದೇ ಜಾತಿಯಲ್ಲ ಎಂಬುದೂ ತಿಳಿದಿರಲಿ. ಸಕ್ಕರೆಯಿಂದ ನರ ಕೆಟ್ಟು ರಾತ್ರಿ ಪಾದ ಉರಿಯುತ್ತದಲ್ಲ, ಅಲ್ಲಿ ಬಾವು ಇಲ್ಲ. ಹಾಗಾಗಿ ಡೈಕ್ಲೋಫೆನಾಕ್‌ಗೆ ಅಲ್ಲಿ ಕೆಲಸವೇ ಇಲ್ಲ. ನರವೇ ಸುಳ್ಳು ಸುದ್ದಿ ಕಳಿಸುತ್ತಿರುತ್ತದೆ. ಆ ಸುದ್ದಿಯ ಸದ್ದು ತಗ್ಗಿಸುವ ಔಷಧಿಗಳು ಪ್ರಿಗಾಬಾಲಿನ್, ಗಾಬಾಪೆಂಟಿನ್, ಡ್ಯುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್. ಕೊನೆಯ ಎರಡನ್ನು ಮನಸ್ಸಿನ ಕಾಯಿಲೆಗೂ ಕೊಡುತ್ತಾರೆ. ಅದನ್ನು ಯಾರೋ ಹೇಳಿದರೆಂದು "ನನಗ ಹುಚ್ಚಿನ ಗುಳಿಗಿ ಕೊಟ್ಟಾರ" ಎಂದು ಎಸೆಯಬೇಡಿ. ಮೆದುಳು, ಬೆನ್ನುಹುರಿಯಲ್ಲಿ ನೋವನ್ನು ತಗ್ಗಿಸುವ ದಾರಿಯೂ ಅದೇ ರಾಸಾಯನಿಕಗಳಿಂದ ನಡೆಯುತ್ತದೆ, ಅದಕ್ಕೇ ಕೊಡುವುದು. ಇವು ಮೊದಲ ದಿನವೇ ಹಾಯೆನಿಸುವುದಿಲ್ಲ, ಒಂದೆರಡು ವಾರ ಬೇಕು. ನಿದ್ದೆ, ತಲೆಸುತ್ತು ಬರಬಹುದು, ಅದಕ್ಕೇ ರಾತ್ರಿ ಸಣ್ಣ ಪ್ರಮಾಣದಿಂದ ಶುರು. ಎಲ್ಲರಿಗೂ ಗುಣ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ನೋವು ಅರ್ಧಕ್ಕಿಳಿದು ರಾತ್ರಿ ನಿದ್ದೆ ಬರುತ್ತದೆ, ಅದೇ ದೊಡ್ಡದು.

ಇನ್ನೊಂದು, ರಟ್ಟೆ ಹಿಡಿಯುವುದು. ಸಕ್ಕರೆ ಕಾಯಿಲೆಯವರಲ್ಲಿ ಭುಜದ ಕೀಲಿನ ಚೀಲ ಬಿಗಿಯುವುದು ಬೇರೆಯವರಿಗಿಂತ ಹೆಚ್ಚು. ಇಷ್ಟಲಿಂಗ ಪೂಜೆಗೆ ಎಡಗೈ ಎತ್ತಿ ಹಿಡಿಯಲಾಗದೆ ಕಣ್ಣೀರು ಹಾಕಿದ ಹಿರಿಯರನ್ನು ನೋಡಿದ್ದೇನೆ. ಅದು ಯಾರ ಶಾಪವೂ ಅಲ್ಲ. ದಿನವೂ ಮೆಲ್ಲಗೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ, ಸಕ್ಕರೆಯ ಹತೋಟಿ, ತಾಳ್ಮೆ ಇದ್ದರೆ ತಿಂಗಳುಗಳಲ್ಲಿ ಬಹುಪಾಲು ಸಡಿಲುತ್ತದೆ. ಅಲ್ಲಿಯವರೆಗೆ ಕೈಯನ್ನು ದಿಂಬಿನ ಮೇಲೆ ಇಟ್ಟು ಪೂಜೆ ಮಾಡಿದರೆ ಲಿಂಗಯ್ಯ ಬೇಡವೆನ್ನುವುದಿಲ್ಲ.

ಈಗ ನಮ್ಮ ಆಚರಣೆಗಳ ಬಗ್ಗೆ ಎರಡು ಮಾತು, ಬೇಸರ ಮಾಡಿಕೊಳ್ಳಬಾರದು. ಶರಣರು ಹಣೆಬರಹ, ಶಕುನ, ಪಂಚಾಂಗಗಳಿಂದ ನಮ್ಮನ್ನು ಬಿಡಿಸಿದರು. ಮೈಯನ್ನು ಹೇಸದೆ ಅದನ್ನು ಲಿಂಗದ ನೆಲೆ ಎಂದು ಕಂಡರು. ಆದರೂ ನಮ್ಮ ಮನೆಗಳಲ್ಲಿ ಇವತ್ತಿಗೂ ರೋಗ ಪೂರ್ವಜನ್ಮದ ಪಾಪದ ಫಲ ಎನ್ನುವವರಿದ್ದಾರೆ. ಶ್ರಾವಣ ಸೋಮವಾರ ಬೆಳಗ್ಗೆ ಗ್ಲಿಮೆಪಿರೈಡ್ ನುಂಗಿ, ಸಂಜೆಯವರೆಗೆ ಉಪವಾಸ ಇರುವವರಿದ್ದಾರೆ. ನಾನು ಹೇಳಿದೆನಲ್ಲ, ಆ ಗುಳಿಗೆ ಪಂಕ್ತಿ ಕೂತಿದೆಯೋ ಇಲ್ಲವೋ ನೋಡುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗೆ ಜಾರಿದರೆ ಬೆವರು, ನಡುಕ, ತಬ್ಬಿಬ್ಬು, ಅರ್ಥವಿಲ್ಲದ ಮಾತು. ಅದನ್ನು ನೋಡಿ ಗಾಳಿ ಸೋಕಿದೆ ಎಂದು ತಾಯತ ಹುಡುಕಲು ಹೋದರೆ ಆ ಅರ್ಧ ತಾಸಿನಲ್ಲಿ ಜೀವ ಹೋಗಬಹುದು. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ನೋಡಿ, ಸರಿಹೋಗದಿದ್ದರೆ ಮತ್ತೆ ಕೊಡಿ, ಸುಧಾರಿಸಿದ ಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆಯುವ ಭಕ್ತರಿಗೂ ಇದೇ ಮಾತು. ಪಾದಕ್ಕೆ ಸ್ಪರ್ಶವೇ ಇಲ್ಲದವನು ಕಾದ ಡಾಂಬರಿನ ಮೇಲೆ ನಡೆದರೆ ಬೊಬ್ಬೆ ಬಂದದ್ದೂ ಗೊತ್ತಾಗುವುದಿಲ್ಲ. ಆ ಬೊಬ್ಬೆ ಕಾಲು ಕತ್ತರಿಸುವವರೆಗೆ ಹೋಗಬಹುದು. ಚಪ್ಪಲಿ ಹಾಕಿಕೊಂಡು ನಡೆದರೆ ಭಕ್ತಿ ಸವೆಯುವುದಿಲ್ಲ.

ದಾಸೋಹದ ಬಗ್ಗೆಯೂ ಪೂಜ್ಯರಲ್ಲಿ ಒಂದು ವಿನಂತಿ. ಹುಗ್ಗಿ, ಮಾದಲಿ, ಹೋಳಿಗೆ ನಮ್ಮ ಹಬ್ಬದ ಗುರುತು, ಅವು ಇರಲಿ. ಆದರೆ ಪಂಕ್ತಿಯಲ್ಲಿ ಮೊದಲು ಕಾಳಿನ ಪಲ್ಯ, ಸೊಪ್ಪು, ಸವತೆಕಾಯಿ, ಮಜ್ಜಿಗೆ ಬರಲಿ, ಸಿಹಿ ಕೊನೆಗೆ ಒಂದು ಸೌಟು ಬರಲಿ. ಯಾರಾದರೂ ಸಿಹಿಗೆ ಕೈ ಅಡ್ಡ ಹಿಡಿದರೆ ಪ್ರಸಾದ ಬೇಡವೆನ್ನಬಾರದು ಎಂದು ಒತ್ತಾಯ ಮಾಡಿ ಹಾಕುವುದು ನಿಲ್ಲಲಿ. ಒಂದು ತುತ್ತೂ ಪ್ರಸಾದವೇ.

ನಮ್ಮ ನೆರೆಯ ಇಳಕಲ್ಲಿನಲ್ಲಿ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋದರು. ಕಾಳು ಕಡಿ ಕೇಳಲಿಲ್ಲ. ನಿಮ್ಮ ಚಟ ಇದರಲ್ಲಿ ಹಾಕಿ ಎಂದು ಕೇಳಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಇವತ್ತು ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಹೆಂಡ, ಗುಟ್ಕಾ ಬಿಟ್ಟವರೆಷ್ಟೋ ಜನ. ಆದರೆ ಹೆಸರಿಲ್ಲದ ಪೊಟ್ಟಣದ ಚಟ ಚಟವೆಂದೇ ಕಾಣುವುದಿಲ್ಲ, ಅದು ಔಷಧಿಯ ವೇಷದಲ್ಲಿ ಬರುತ್ತದೆ. ಟ್ರಮಡಾಲ್ ಎಂಬ ನೋವಿನ ಗುಳಿಗೆಗೆ ಜನ ಅಂಟಿಕೊಳ್ಳುತ್ತಿದ್ದಾರೆಂದು 2018ರಲ್ಲಿ ಸರ್ಕಾರ ಅದನ್ನು ಮಾದಕವಸ್ತು ಕಾಯ್ದೆಯ ಅಡಿಗೆ ತಂದಿತು. ಆ ಜೋಳಿಗೆಯಲ್ಲಿ ಇನ್ನೊಂದು ಅರೆ ಇದಕ್ಕೂ ಬೇಕಾಗಿದೆ.

ಈ ಗೋಷ್ಠಿಯಿಂದ ಮನೆಗೆ ಹೋಗುವಾಗ ನಾಲ್ಕು ನೇಮ ಹೊತ್ತುಕೊಂಡು ಹೋಗಿ. ಮೊದಲನೆಯದು, ಹೆಸರು ಗೊತ್ತಿಲ್ಲದ ಗುಳಿಗೆ ನುಂಗುವುದಿಲ್ಲ. ಅಂಗಡಿಯಲ್ಲಿ ಹಾಳೆಯ ಸಮೇತ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಎರಡನೆಯದು, ಮೂವತ್ತು ದಾಟಿದ ಎಲ್ಲರೂ ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ, ಬಿ.ಪಿ. ನೋಡಿಸಿಕೊಳ್ಳುತ್ತೇವೆ. ಅಲ್ಲಿ ಪರೀಕ್ಷೆ ಉಚಿತ, ಮೆಟ್‌ಫಾರ್ಮಿನ್‌ನಂಥ ಮುಖ್ಯ ಗುಳಿಗೆಗಳೂ ಉಚಿತ. ಹೊರಗೆ ಕೊಳ್ಳುವವರಿಗೆ ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ. ಮೂರನೆಯದು, ಸಕ್ಕರೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ, ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ನೋಡಿಸುತ್ತೇವೆ. ಪಾದವನ್ನು ದಿನಾ ನಾವೇ ನೋಡಿಕೊಳ್ಳುತ್ತೇವೆ. ನಾಲ್ಕನೆಯದು, ನ��ವಿಗೆ ಯಾರ ಹತ್ತಿರ ಹೋದರೂ ಮೊದಲು "ನನಗ ಶುಗರ್ ಐತ್ರಿ" ಎಂದು ಹೇಳುತ್ತೇವೆ. ಈ ಒಂದು ಮಾತು ಒಂದು ಕಿಡ್ನಿ ಉಳಿಸಬಲ್ಲದು.

ಮಠದ ಹುಡುಗರಿಗೆ, ಶರಣೆಯರ ಬಳಗಕ್ಕೆ ಒಂದು ಕೆಲಸ ಕೊಡುತ್ತೇನೆ. ಮುಂದಿನ ಸೋಮವಾರ ಗೋಷ್ಠಿಗೆ ಬರುವಾಗ ಪ್ರತಿಯೊಬ್ಬರೂ ಮನೆಯ ಹಿರಿಯರು ನುಂಗುವ ಎಲ್ಲ ಗುಳಿಗೆಗಳನ್ನು ಒಂದು ಚೀಲದಲ್ಲಿ ತನ್ನಿ. ನಾನೂ ಬರುತ್ತೇನೆ, ನಮ್ಮ ಆಸ್ಪತ್ರೆಯ ಸಿಸ್ಟರ್ ಬರುತ್ತಾರೆ. ಒಂದೊಂದಾಗಿ ಹೆಸರು ಓದಿ, ಯಾವುದು ಯಾತಕ್ಕೆ ಎಂದು ಬರೆದು ಕೊಡೋಣ. ಅದಕ್ಕೆ ಫೀ ಇಲ್ಲ, ಅದು ನನ್ನ ಪಾಲಿನ ದಾಸೋಹ.